ಹುಣ್ಣಿಮೆಯ ಕತ್ತಲೆಯವರೆಗೆ: ಸಿಂಹಳ ಸಿನಿಮಾದ ಜಾಡಿನಲ್ಲಿ ಆರು ದಿನ

ಮೊದಲ ದಿನ: ನೆಗೊಂಬೊ

ಶ್ರೀಲಂಕಾದ ಕಟುನಾಯಕ ನಿಲ್ದಾಣದಲ್ಲಿ ವಿಮಾನ ಇಳಿದವರು ಕೊಲಂಬೊ ಕಡೆಗೋ ಕ್ಯಾಂಡಿ ಕಡೆಗೋ ಹೊರಡುತ್ತಾರೆ. ನಾನು ನೆಗೊಂಬೊದ ಸ್ಮಶಾನಕ್ಕೆ ಹೋಗಬೇಕು ಎಂದಾಗ ತ್ರೀವೀಲರಿನ ಮುದುಕ ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿದರು. ‘ದುವೇ, ನಿಮ್ಮವರು ಯಾರಾದರೂ ಅಲ್ಲಿದ್ದಾರೆಯೇ?’ ದುವ ಎಂದರೆ ಸಿಂಹಳದಲ್ಲಿ ಮಗಳು. ನನಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ ನಟಿ, ಗಾಯಕಿ ರುಕ್ಮಣಿ ದೇವಿಯ ಹೆಸರು ಹೇಳಿದೆ. ಅವರು ಉತ್ತರ ಕೊಡಲಿಲ್ಲ, ಹಾಡೊಂದನ್ನು ಗುನುಗತೊಡಗಿದರು.

ಈ ಪ್ರಯಾಣದ ಬೀಜ ಬಿದ್ದದ್ದು ಇಪ್ಪತ್ತು ವರ್ಷಗಳ ಹಿಂದೆ, ನಮ್ಮೂರಿನ ಚಿತ್ರಸಮಾಜದಲ್ಲಿ ‘ನಿಧಾನಯ’ ನೋಡಿದ ರಾತ್ರಿ. ನಿಧಿಗೆ ಬಲಿ ಕೊಡಲೆಂದೇ ಹೆಣ್ಣೊಬ್ಬಳನ್ನು ಹುಡುಕಿ ಮದುವೆಯಾಗುವ ವಿಲ್ಲಿ ಅಬೇನಾಯಕ, ಅವನನ್ನು ಮನಸಾರೆ ನಂಬುವ ಐರಿನ್. ಗಾಮಿನಿ ಫೊನ್ಸೇಕ ಮತ್ತು ಮಾಲಿನಿ ಫೊನ್ಸೇಕ ಅವರ ಆ ಮುಖಗಳು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. 1972ರ ಆ ಚಿತ್ರದ ಹೆಸರುಪಟ್ಟಿಯಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಛಾಯಾಗ್ರಾಹಕ ಎಂ.ಎಸ್. ಆನಂದನ್, ನಿರ್ಮಾಪಕ ಪಿ.ಇ. ಅಂಥೋನಿಪಿಳ್ಳೈ. ಸಿಂಹಳ ಸಿನಿಮಾದ ಕಿರೀಟ ಎಂದು ಎಲ್ಲರೂ ಕೊಂಡಾಡುವ ಚಿತ್ರದಲ್ಲಿ ತಮಿಳು ಹೆಸರುಗಳು. ಆಮೇಲೆ ಯಾವ ಹಳೆಯ ಸಿಂಹಳ ಚಿತ್ರ ಸಿಕ್ಕಿದರೂ ಮೊದಲು ಹೆಸರುಪಟ್ಟಿಯನ್ನೇ ಓದುವ ಅಭ್ಯಾಸವಾಯಿತು.

ಮೊತ್ತಮೊದಲ ಸಿಂಹಳ ವಾಕ್ಚಿತ್ರ ‘ಕಡವುಣು ಪೊರೊಂದುವ’, ಅಂದರೆ ‘ಮುರಿದ ಮಾತು’, ತೆರೆಗೆ ಬಂದದ್ದು 1947ರ ಜನವರಿ 21ರಂದು. ಚಿತ್ರೀಕರಣವಾದದ್ದು ಮದುರೆಯ ಚಿತ್ರಕಲಾ ಮೂವಿಟೋನ್‌ನಲ್ಲಿ. ನಿರ್ಮಾಪಕ ತಮಿಳರಾದ ಎಸ್.ಎಂ. ನಾಯಗಂ, ನಿರ್ದೇಶಕ ಬಂಗಾಳದ ಜ್ಯೋತಿಷ್ ಸಿಂಗ್. ನೆಗೊಂಬೊದ ಬಿ.ಎ.ಡಬ್ಲ್ಯೂ. ಜಯಮಾನ್ನೆ ಅವರ ನಾಟಕವೇ ಚಿತ್ರದ ಕಥೆ. ನಾಯಕಿ ರುಕ್ಮಣಿ ದೇವಿ. ಹುಟ್ಟಿದಾಗ ಆಕೆಯ ಹೆಸರು ಡೇಸಿ ಡೇನಿಯಲ್ಸ್; ಊರು ನುವರ ಎಳಿಯದ ಬೆಟ್ಟಗಳ ರಂಬೊಡ; ಮತ ಕ್ರೈಸ್ತ; ಮನೆಯ ಬೇರು ದಕ್ಷಿಣ ಭಾರತದಿಂದ ಬಂದು ನೆಲೆಸಿದ ಕೊಲಂಬೊ ಚೆಟ್ಟಿಗಳದು. ಆ ಹುಡುಗಿ ಹದಿಹರೆಯದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ್ದು ಬುದ್ಧಗಯೆಯ ಮೇಲಿನ ಹಾಡು. ಇಡೀ ದ್ವೀಪ ಅದನ್ನು ತನ್ನದೆಂದು ಹಾಡಿಕೊಂಡಿತು. ಸೇಲಂನಲ್ಲಿ ಹುಟ್ಟಿದ ಮುಸಲ್ಮಾನ ಗಾಯಕ ಮೊಹಿದೀನ್ ಬೇಗ್ ಅವರ ಬೌದ್ಧ ಭಕ್ತಿಗೀತೆಗಳನ್ನು ಕೇಳದೆ ಇಂದಿಗೂ ಅಲ್ಲಿ ವೆಸಾಕ್, ಅಂದರೆ ಬುದ್ಧಪೂರ್ಣಿಮೆ, ಕಳೆಯುವುದಿಲ್ಲ.

ಸಮಾಧಿಯ ಬಳಿ ಉಪ್ಪುಗಾಳಿ ಬೀಸುತ್ತಿತ್ತು. ತ್ರೀವೀಲರಿನ ಅಜ್ಜ ಚಪ್ಪಲಿ ಕಳಚಿಟ್ಟು ನನ್ನ ಹಿಂದೆ ನಿಂತರು. ಬರುವಾಗ ಗುನುಗಿದ ಹಾಡನ್ನು ಅಲ್ಲಿ ಗುನುಗಲಿಲ್ಲ.

ಎರಡನೆಯ ದಿನ: ಹೆಂದಲ

ನೆಗೊಂಬೊದಿಂದ ಕೊಲಂಬೊಗೆ ವೇಗದ ಹೆದ್ದಾರಿ ಇದೆ. ಬೇಕೆಂದೇ ಹಳೆಯ ರಸ್ತೆಯ ಬಸ್ಸು ಹತ್ತಿದೆ. ಜಾ-ಎಲಕ್ಕಿಂತ ಮೊದಲು ತುಡೆಲ್ಲ ಬರುತ್ತದೆ. 1978ರ ಅಕ್ಟೋಬರ್ 28ರ ನಸುಕಿನಲ್ಲಿ ಮಾತರದ ಸಂಗೀತ ಕಾರ್ಯಕ್ರಮ ಮುಗಿಸಿ ಮನೆಗೆ ಮರಳುತ್ತಿದ್ದ ರುಕ್ಮಣಿ ದೇವಿ ಕಾರು ಅಪಘಾತದಲ್ಲಿ ತೀರಿಕೊಂಡದ್ದು ಇಲ್ಲಿ. ಮೂವತ್ತು ವರ್ಷ ತೆರೆಯನ್ನಾಳಿದವರು ಐವತ್ತರ ನಂತರವೂ ಊರೂರು ಅಲೆದು ಹಾಡಿ ಬದುಕಬೇಕಾಗಿತ್ತು ಎಂಬುದು ನನಗೆ ಅಪಘಾತಕ್ಕಿಂತ ಹೆಚ್ಚು ನೋವಿನ ಸಂಗತಿ.

ವತ್ತಳದ ಹತ್ತಿರ ಇಳಿದು ಹೆಂದಲದ ಕಡೆಗೆ ನಡೆದೆ. ಒಂದು ಕಾಲದಲ್ಲಿ ಕೆ. ಗುಣರತ್ನಂ ಅವರ ವಿಜಯ ಸ್ಟುಡಿಯೊ ಇಲ್ಲಿತ್ತು. ಆರಂಭದ ಸಿಂಹಳ ಚಿತ್ರಗಳು ಮದುರೆ, ಕೊಯಮತ್ತೂರು, ಸೇಲಂ, ಮದ್ರಾಸುಗಳಲ್ಲಿ ತಯಾರಾಗುತ್ತಿದ್ದವು. ಅಲ್ಲಿನ ಬಣ್ಣ ಬಳಿದ ಪರದೆಗಳ ಮುಂದೆ ಸಿಂಹಳದ ಹಳ್ಳಿ ಎದ್ದು ನಿಲ್ಲುತ್ತಿತ್ತು; ತಮಿಳು, ಹಿಂದಿ ಚಿತ್ರಗಳ ರಾಗಗಳಿಗೆ ಸಿಂಹಳ ಪದ ಕೂಡಿಸುತ್ತಿದ್ದರು. ಮುಂದೆ ಚಿತ್ರ ನಿರ್ಮಾಣ ದ್ವೀಪಕ್ಕೇ ಬಂದಾಗ ಅದಕ್ಕೆ ಸೂರು ಕಟ್ಟಿಕೊಟ್ಟವರಲ್ಲಿ ಗುಣರತ್ನಂ ಪ್ರಮುಖರು.

1983ರ ಜುಲೈನಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದಲ್ಲಿ ಆ ಸ್ಟುಡಿಯೊಗೆ ಬೆಂಕಿ ಬಿತ್ತು. ಹಲವು ಚಿತ್ರಗಳ ನೆಗೆಟಿವ್‌ಗಳೂ ಸುಟ್ಟುಹೋದವು. ಸಿಂಹಳ ಚಿತ್ರಗಳ ನಿರ್ದೇಶಕ, ತಮಿಳರಾದ ಕೆ. ವೆಂಕಟ್ ಅವರನ್ನು ಅದೇ ಗಲಭೆಯಲ್ಲಿ ಕೊಂದರು. ತಮಿಳರ ಆಸ್ತಿ ಎಂದು ಬೆಂಕಿ ಇಟ್ಟವರು ಸುಟ್ಟದ್ದು ತಮ್ಮ ಅಪ್ಪ ಅಮ್ಮ ಕೂತು ಅತ್ತ, ನಕ್ಕ ಸಿಂಹಳ ಚಿತ್ರಗಳನ್ನು. ಒಂದು ನಾಡು ತನ್ನ ನೆನಪನ್ನು ತಾನೇ ಒಲೆಗೆ ಹಾಕಿದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ. ಪುಸ್ತಕದ ಪ್ರತಿಯೊಂದು ಯಾರದೋ ಅಟ್ಟದ ಮೇಲೆ ಉಳಿದಿರುತ್ತದೆ. ಸಿನಿಮಾದ ನೆಗೆಟಿವ್ ಒಂದೇ. ಅದು ಹೋದರೆ ಗೀಚು ಬಿದ್ದ, ಅರ್ಧ ತುಂಡಾದ ಪ್ರಿಂಟಿಗೆ ಕೈಯೊಡ್ಡಬೇಕು.

ರಸ್ತೆಯಂಚಿನ ಅಂಗಡಿಯಲ್ಲಿ ಪ್ಲೇನ್ ಟೀ ಕುಡಿಯುತ್ತ, ಆ ಬೆಂಕಿಗೆ ನಾಲ್ಕೇ ವರ್ಷ ಮೊದಲು ಬಂದಿದ್ದ ‘ಸರುಂಗಲೇ’ ಚಿತ್ರವನ್ನು ನೆನೆದೆ. ಹೆಸರಿನ ಅರ್ಥ ಗಾಳಿಪಟ. ಸುನಿಲ್ ಆರಿಯರತ್ನ ನಿರ್ದೇಶಿಸಿದ ಆ ಚಿತ್ರದಲ್ಲಿ ಸಿಂಹಳರ ಮಹಾನಾಯಕ ಗಾಮಿನಿ ಫೊನ್ಸೇಕ ಉತ್ತರದ ಜಾಫ್ನಾದಿಂದ ಬಂದ ನಡರಾಜ ಎಂಬ ತಮಿಳು ಗುಮಾಸ್ತನಾದರು. ಕಥೆ ತಮಿಳರ ಮೇಲಿನ 1958ರ ಗಲಭೆಯತ್ತ ನಡೆಯುತ್ತದೆ. ಜನ ಕೊಟ್ಟ ಕಿರೀಟವನ್ನು ಪಕ್ಕಕ್ಕಿಟ್ಟು, ಆ ಜನರಿಗೇ ನೆರೆಮನೆಯವನ ಭಯವನ್ನು ತೋರಿಸಿದರು ಆತ. ನೋಡಿದವರು ಮೆಚ್ಚಿದರು. ನಾಲ್ಕು ವರ್ಷಗಳ ನಂತರ ಆ ಮೆಚ್ಚುಗೆ ಎಲ್ಲಿ ಹೋಗಿತ್ತು ಎಂಬ ಪ್ರಶ್ನೆ ಬಸ್ಸು ಕೊಲಂಬೊ ಮುಟ್ಟುವವರೆಗೂ ತಲೆಯಲ್ಲಿ ಕೊರೆಯುತ್ತಿತ್ತು.

ಮೂರನೆಯ ದಿನ: ಕೊಲಂಬೊ

ಬೆಳಿಗ್ಗೆ ಕೋಟೆ ಪ್ರದೇಶದ ಹತ್ತಿರ ರೀಗಲ್ ಚಿತ್ರಮಂದಿರದ ಮುಂದೆ ಸ್ವಲ್ಪ ಹೊತ್ತು ನಿಂತೆ. ಅಲ್ಲಿಂದ ಬೌದ್ಧಾಲೋಕ ಮಾವತೆಯ ಚಲನಚಿತ್ರ ನಿಗಮಕ್ಕೆ ಹೋದೆ. ಮಾವತೆ ಎಂದರೆ ರಸ್ತೆ. 1972ರಲ್ಲಿ ಸರ್ಕಾರ ಆ ನಿಗಮವನ್ನು ಸ್ಥಾಪಿಸಿತು. ಒಳ್ಳೆಯ ಚಿತ್ರಗಳಿಗೆ ಅದರಿಂದ ಒಂದಷ್ಟು ಕಾಲ ಉಸಿರು ಸಿಕ್ಕಿತು. ಸಮೀಪದ ಸ್ವಾತಂತ್ರ್ಯ ಚೌಕದಲ್ಲೇ 2025ರ ಮೇ ತಿಂಗಳಿನಲ್ಲಿ ಮಾಲಿನಿ ಫೊನ್ಸೇಕ ಅವರಿಗೆ ಸರ್ಕಾರಿ ಗೌರವದ ವಿದಾಯ ಹೇಳಿದರು. ಐರಿನ್ ಸತ್ತದ್ದನ್ನು ಎಷ್ಟೋ ಸಲ ಪರದೆಯ ಮೇಲೆ ನೋಡಿದ್ದೆ. ಆ ಸುದ್ದಿ ಓದಿದ ದಿನ ಮಾತ್ರ ಮನೆಯವರೊಬ್ಬರು ಹೋದಂತಾಗಿತ್ತು.

ಮಧ್ಯಾಹ್ನ ಡಿಕ್‌ಮನ್ ರಸ್ತೆ. ಈಗ ಅದು ಲೆಸ್ಟರ್ ಜೇಮ್ಸ್ ಪೀರಿಸ್ ಮಾವತೆ. ಬದುಕಿದ್ದ ಬೀದಿಗೆ ತನ್ನದೇ ಹೆಸರು ಬರುವ ಭಾಗ್ಯ ಎಷ್ಟು ನಿರ್ದೇಶಕರಿಗಿದೆ?

ಲೆಸ್ಟರ್ ಇಂಗ್ಲಿಷ್ ಮಾತನಾಡುವ ಕ್ಯಾಥೊಲಿಕ್ ಮನೆಯ ಮಗ. ಲಂಡನ್ನಿನಲ್ಲಿ ಪತ್ರಕರ್ತರಾಗಿದ್ದವರು ಊರಿಗೆ ಮರಳಿ ಸರ್ಕಾರಿ ಚಲನಚಿತ್ರ ಘಟಕದಲ್ಲಿ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಒಂದು ದಿನ ಛಾಯಾಗ್ರಾಹಕ ವಿಲಿಯಂ ಬ್ಲೇಕ್ ಮತ್ತು ಸಂಕಲನಕಾರ ಟೈಟಸ್ ತೊಟವತ್ತ ಅವರೊಂದಿಗೆ ಆ ನೌಕರಿ ಬಿಟ್ಟರು. 1956ರಲ್ಲಿ ‘ರೇಖಾವ’ ಬಂತು. ಸ್ಟುಡಿಯೊದ ಬಾಗಿಲು ಮುಚ್ಚಿ, ಕ್ಯಾಮೆರಾವನ್ನು ಹೊತ್ತು ನಿಜವಾದ ಹಳ್ಳಿಗೆ, ನಿಜವಾದ ಬಿಸಿಲಿಗೆ ನಡೆದ ಚಿತ್ರ. ಕುರುಡಿ ಗೆಳತಿಯ ಕಣ್ಣು ಮುಟ್ಟಿ ದೃಷ್ಟಿ ತಂದನೆಂದು ಊರು ನಂಬಿದ ಹುಡುಗ, ಆ ನಂಬಿಕೆಯೇ ಅವನಿಗೆ ಕುತ್ತಾಗುವ ಬಗೆ. 1957ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. ಊರಿನಲ್ಲಿ ಹಣ ಕಳೆಯಿತು. ಮದುರೆಯ ಪರದೆಗೆ ಒಗ್ಗಿದ ಕಣ್ಣುಗಳಿಗೆ ತಮ್ಮದೇ ಹಳ್ಳಿಯ ಬಿಸಿಲು ಅಪರಿಚಿತವಾಗಿ ಕಂಡಿರಬೇಕು.

ಅದೇ ಮನೆಯ ಇನ್ನೊಂದು ಜೀವ ಲೆಸ್ಟರ್ ಅವರ ಪತ್ನಿ ಸುಮಿತ್ರಾ ಪೀರಿಸ್. ಲಂಡನ್ನಿನಲ್ಲಿ ಸಿನಿಮಾ ಕಲಿತು ಬಂದು, ಲೆಸ್ಟರ್ ಚಿತ್ರಗಳನ್ನು ಸಂಕಲಿಸುತ್ತ, 1978ರಲ್ಲಿ ‘ಗೆಹೆಣು ಲಮಯಿ’ ನಿರ್ದೇಶಿಸಿದರು. ಹೆಸರಿನ ಅರ್ಥ ಹೆಣ್ಣುಮಕ್ಕಳು. ಬಡ ಹುಡುಗಿ ಕುಸುಂಳ ಮೌನವನ್ನು ಆಕೆಯಷ್ಟು ಮಮತೆಯಿಂದ ಆಲಿಸಿದವರು ಆ ಭಾಷೆಯಲ್ಲಿ ಮತ್ತೊಬ್ಬರಿಲ್ಲ ಎಂದೇ ನನ್ನ ನಂಬಿಕೆ. ಕನ್ನಡಿಗರಿಗೆ ಇಲ್ಲೊಂದು ನಂಟಿದೆ. ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್‌ಗೆ ಕಳುಹಿಸಿದ್ದರಲ್ಲಿ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನ ಕೈ ಇತ್ತು. ಮರುವರ್ಷ ಕಾನ್‌ನಲ್ಲಿ ‘ಗೆಹೆಣು ಲಮಯಿ’ಗೆ ಮರುಜೀವ ಕೊಟ್ಟು ತೋರಿಸಿದ್ದೂ ಅದೇ ಸಂಸ್ಥೆ. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಎರಡು ಚಿತ್ರಗಳು, ಎರಡರಲ್ಲೂ ಹೆಣ್ಣು ಜೀವದ ಮೇಲೆ ಊರು ಹೇರುವ ಶಿಕ್ಷೆ. ಸುಮಿತ್ರಾ ಆ ಪ್ರದರ್ಶನ ನೋಡಲಿಲ್ಲ. ಲೆಸ್ಟರ್ 2018ರಲ್ಲಿ 99ನೆಯ ವಯಸ್ಸಿನಲ್ಲಿ, ಸುಮಿತ್ರಾ 2023ರ ಜನವರಿಯಲ್ಲಿ ತೀರಿಕೊಂಡಿದ್ದರು.

ನಾಲ್ಕನೆಯ ದಿನ: ಬಾಲಪಿಟಿಯ, ಕೊಗ್ಗಲ

ದಕ್ಷಿಣದ ರೈಲು ಕಡಲನ್ನು ಒರಸಿಕೊಂಡೇ ಓಡುತ್ತದೆ. ಕಿಟಕಿಯ ಪಕ್ಕ ಸೀಟು ಬಿಟ್ಟುಕೊಟ್ಟ ಹೆಂಗಸು ಮಾಲು ಪಾನ್ ಪೊಟ್ಟಣ ಬಿಚ್ಚಿ ಅರ್ಧ ನನಗೆ ಚಾಚಿದರು. ಮೀನಿನ ಪಲ್ಯ ತುಂಬಿದ ತ್ರಿಕೋನದ ಬನ್ನು. ‘ಅಕ್ಕಾ, ಕನ್ನ’ ಎಂದರು, ಅಂದರೆ ತಿನ್ನಿ. ಅಕ್ಕ ಎಂಬ ಪದ ಅಲ್ಲಿಯೂ ಅಕ್ಕನೇ. ಆ ಒಂದು ಮಾತಿಗೆ ಇಡೀ ಬೋಗಿ ನಮ್ಮೂರಿನದಾಯಿತು.

ಬಾಲಪಿಟಿಯದಲ್ಲಿ ಇಳಿದು ಹಳೆಯ ಮನೆಗಳ ಬೀದಿಯಲ್ಲಿ ನಡೆದೆ. ಅಗಲವಾದ ಜಗಲಿ, ಎತ್ತರದ ಕಿಟಕಿ, ಹಸಿರು ಪಾಚಿ ಹತ್ತಿದ ಹೆಂಚು. ಇಂತಹ ದೊಡ್ಡಮನೆಗಳನ್ನು ವಲವ್ವ ಎನ್ನುತ್ತಾರೆ. ನಮ್ಮ ಕರಾವಳಿಯ ಗುತ್ತಿನ ಮನೆ ಬಲ್ಲವರಿಗೆ ವಲವ್ವದ ಗಾಂಭೀರ್ಯವೂ, ಅದರೊಳಗಿನ ಸಾಲದ ಚಿಂತೆಯೂ ಬೇಗ ಅರ್ಥವಾಗುತ್ತವೆ. ಈ ಊರಿನ ಒಂದು ವಲವ್ವದಲ್ಲಿ ಲೆಸ್ಟರ್ ‘ಗಂಪೆರಳಿಯ’ವನ್ನು ಚಿತ್ರಿಸಿದರು. ಗಮ ಎಂದರೆ ಗ್ರಾಮ, ಪೆರಳಿಯ ಎಂದರೆ ಬುಡಮೇಲು.

ಕಥೆಯನ್ನು ಹೇಳಿದರೆ ಎರಡು ಸಾಲು. ದೊಡ್ಡಮನೆಯ ಮಗಳು ನಂದಾ; ಅವಳಿಗೆ ಇಂಗ್ಲಿಷ್ ಕಲಿಸಲು ಬರುವ, ಅಂತಸ್ತಿನಲ್ಲಿ ಕೆಳಗಿನವನಾದ ಪಿಯಲ್. ಮನೆಯವರು ಅವನನ್ನು ಒಪ್ಪದೆ ಮನೆತನದ ಜಿನದಾಸನಿಗೆ ಕೊಡುತ್ತಾರೆ. ಜಿನದಾಸ ವ್ಯಾಪಾರಕ್ಕೆಂದು ದೂರ ಹೋಗಿ ಸೋತು, ಸತ್ತನೆಂಬ ಸುದ್ದಿಯಾಗುತ್ತಾನೆ. ಹಣವಂತನಾಗಿ ಮರಳಿದ ಪಿಯಲ್ ನಂದಾಳನ್ನು ಮದುವೆಯಾಗುತ್ತಾನೆ. ಜಿನದಾಸ ನಿಜವಾಗಿ ಸತ್ತದ್ದು ಆಮೇಲೆ ಎಂದು ತಿಳಿಯುತ್ತದೆ. ಇಷ್ಟೇ. ಆದರೆ ಪುಣ್ಯಾ ಹೀಂದೆನಿಯ ಅವರ ನಂದಾ ಜಗಲಿಯ ಕಂಬಕ್ಕೆ ಒರಗಿ ನಿಂತಾಗ ಒಂದು ವರ್ಗದ ಕೊನೆಯ ದಿನಗಳು ಆಕೆಯ ಬೆನ್ನ ಮೇಲೆ ಕೂತಿರುವಂತೆ ಕಾಣುತ್ತದೆ. ಹೆನ್ರಿ ಜಯಸೇನ ಅವರ ಪಿಯಲ್ ಗೆದ್ದ ಮೇಲೂ ಗೆದ್ದವನಂತೆ ಕಾಣುವುದಿಲ್ಲ. ಬಯಸಿದ ಹೆಣ್ಣು ಸಿಕ್ಕಿದ್ದಾಳೆ, ಆ ಮನೆಯ ಹೊಸ್ತಿಲು ಮಾತ್ರ ಅವನೊಳಗೆ ಇನ್ನೂ ಎತ್ತರವಾಗಿಯೇ ಇದೆ.

1963ರಲ್ಲಿ ಹಾಡು, ಕುಣಿತ, ಹೊಡೆದಾಟ ಯಾವುದೂ ಇಲ್ಲದ ಸಿಂಹಳ ಚಿತ್ರ ಮಾಡುವುದೆಂದರೆ ಮನೆಮಾರು ಅಡವಿಟ್ಟ ಹಾಗೆ. ಫಿಲ್ಮಿನ ಒಂದೇ ಒಂದು ಅಡಿಯನ್ನೂ ಸ್ಟುಡಿಯೊದಲ್ಲಿ ತೆಗೆಯಲಿಲ್ಲ. ಮನೆಯೊಳಗಿನ ದೃಶ್ಯಗಳಿಗೂ ಒಂದು ದೀಪ ಮತ್ತು ಕೈಯಲ್ಲಿ ಹಿಡಿದ ಬೆಳಕುಗಳೇ ಆಸರೆ. ಆದ್ದರಿಂದಲೇ ಆ ಮನೆಯ ಮೂಲೆಗಳಲ್ಲಿ ಕತ್ತಲೆ ಕತ್ತಲೆಯಾಗಿಯೇ ಉಳಿದಿದೆ. 1965ರ ದೆಹಲಿ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಸತ್ಯಜಿತ್ ರಾಯ್ ಅಧ್ಯಕ್ಷತೆಯ ತೀರ್ಪುಗಾರರು ಇದಕ್ಕೆ ಚಿನ್ನದ ನವಿಲು ಪ್ರಶಸ್ತಿ ಕೊಟ್ಟರು.

ಅದೇ ಹಳಿಯಲ್ಲಿ ಗಾಲೆ ದಾಟಿ ಕೊಗ್ಗಲ. ಮೂಲ ಕಾದಂಬರಿಯನ್ನು 1944ರಲ್ಲಿ ಬರೆದ ಮಾರ್ಟಿನ್ ವಿಕ್ರಮಸಿಂಹ ಹುಟ್ಟಿದ ಊರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಇಲ್ಲಿ ವಾಯುನೆಲೆ ಕಟ್ಟಲು ಹಳ್ಳಿಯನ್ನೇ ಎಬ್ಬಿಸಿದರು. ಮನೆಗಳು ಉರುಳಿದವು, ಲೇಖಕರು ಹುಟ್ಟಿದ ಮನೆ ಉಳಿಯಿತು. ಈಗ ಅದರ ಸುತ್ತ ಜಾನಪದ ವಸ್ತುಸಂಗ್ರಹಾಲಯವಿದೆ: ಎತ್ತಿನ ಗಾಡಿ, ಮೀನು ಬಲೆ, ಕೋಲದ ಮುಖವಾಡ, ಮಣ್ಣಿನ ಗಡಿಗೆ. ಊರು ಬುಡಮೇಲಾದ ಕಥೆ ಬರೆದವರ ಊರೇ ಆ ಕಾದಂಬರಿ ಹುಟ್ಟಿದ ಕಾಲದಲ್ಲಿ ಅಕ್ಷರಶಃ ಬುಡಮೇಲಾಗಿತ್ತು. ಆ ಮನೆಯ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತಾಗ ಹೊರಗೆ ರೈಲು ಹೋದ ಸದ್ದು ಕೇಳಿತು.

ಐದನೆಯ ದಿನ: ಕಲ್ಪಿಟಿಯ

ನಸುಕಿಗೆ ಕೊಲಂಬೊ ಬಿಟ್ಟು ಪುತ್ತಳಂ ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯಲ್ಲಿ ಟೈರು ಸಿಡಿದು ಒಂದೂವರೆ ತಾಸು ಹೋಯಿತು. ಕಲ್ಪಿಟಿಯ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಕಡಲು ಇರುವ ನಾಲಿಗೆಯಂತಹ ನೆಲ. ಒಣಮೀನಿನ ವಾಸನೆ ಬಸ್ಸು ನಿಲ್ಲುವ ಮೊದಲೇ ಬರುತ್ತದೆ. ಮೀನುಗಾರರು ಋತುವಿಗೆ ತಕ್ಕಂತೆ ಬಂದು ಹಾಕಿಕೊಳ್ಳುವ ತೆಂಗಿನ ಗರಿಯ ಗುಡಿಸಲುಗಳಿಗೆ ವಾಡಿ ಎನ್ನುತ್ತಾರೆ.

ಧರ್ಮಸೇನ ಪತಿರಾಜ ‘ಬಂಬರು ಎವಿತ್’ ಚಿತ್ರಿಸಿದ್ದು ಇಲ್ಲಿ, ತೆರೆಗೆ ಬಂದದ್ದು 1978ರಲ್ಲಿ. ಬಂಬರ ಎಂದರೆ ನಮ್ಮ ಹೆಜ್ಜೇನು. ಹೆಜ್ಜೇನು ಎದ್ದರೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಪಟ್ಟಣದಿಂದ ವಿಕ್ಟರ್ ಎಂಬ ಹಣವುಳ್ಳ ಯುವಕ ಗೆಳೆಯರೊಂದಿಗೆ ಈ ಮರಳಿಗೆ ಬರುತ್ತಾನೆ. ಊರಿನ ಮೀನಿನ ವ್ಯಾಪಾರ ಹಿಡಿದಿದ್ದ ಆಂಟನ್ ಅಣ್ಣನ ಹಿಡಿತ ಅಲುಗಾಡುತ್ತದೆ, ಹೆಲೆನ್ ಎಂಬ ಹುಡುಗಿಯ ಬಾಳು ಚೆಲ್ಲಾಪಿಲ್ಲಿಯಾಗುತ್ತದೆ, ರಕ್ತ ಹರಿಯುತ್ತದೆ. ಗೆಳೆಯರ ಗುಂಪಿನಲ್ಲೊಬ್ಬ ಕ್ರಾಂತಿಯ ಮಾತನಾಡುವವನಿದ್ದಾನೆ. ಅವನ ಮಾತಿಗೂ ಬಲೆ ಎಳೆಯುವವರ ಬೆವರಿಗೂ ಸಂಬಂಧವೇ ಕೂಡುವುದಿಲ್ಲ. ಎಡಪಂಥದ ಮೇಲೆ ಅಪಾರ ಪ್ರೀತಿ ಇಟ್ಟಿದ್ದ ಪತಿರಾಜ ಅದೇ ಎಡಪಂಥದ ಕಿವುಡನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದರು. ಲೆಸ್ಟರ್ ಜಗಲಿಯ ಮೇಲೆ ಕೂತು ನಿಟ್ಟುಸಿರು ಕೇಳಿಸಿಕೊಂಡರೆ, ಪತಿರಾಜ ಜಗಲಿಯಿಂದ ಇಳಿದು ಬೀದಿಗೆ ಬಂದರು. ಯಾರು ದೊಡ್ಡವರು ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ರಾತ್ರಿ ನಿದ್ದೆ ಕೆಡಿಸುವವರು ಪತಿರಾಜರೇ.

ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಅವರು 1977ರಲ್ಲಿ ‘ಪೊನ್ಮಣಿ’ ಎಂಬ ತಮಿಳು ಚಿತ್ರ ಮಾಡಿದರು. ವರದಕ್ಷಿಣೆಗೆ ಸಿಕ್ಕ, ಜಾತಿಗೆ ಸಿಕ್ಕ ಹೆಣ್ಣಿನ ಕಥೆ. ತಮಿಳರು ಮೂವತ್ತು ವರ್ಷ ಸಿಂಹಳ ಚಿತ್ರ ಕಟ್ಟಿಕೊಟ್ಟಿದ್ದರು. ಸಿಂಹಳನೊಬ್ಬ ಜಾಫ್ನಾದ ಅಂಗಳಕ್ಕೆ ಹೋಗಿ ಅವರ ಭಾಷೆಯಲ್ಲಿ ಚಿತ್ರ ಮಾಡಿದ. ವಿಕ್ಟರ್ ಪಾತ್ರದ ವಿಜಯ ಕುಮಾರತುಂಗ ಮುಂದೆ ರಾಜಕೀಯಕ್ಕೆ ಇಳಿದರು. ಸರ್ಕಾರಕ್ಕೂ ತಮಿಳು ಹೋರಾಟಗಾರರಿಗೂ ನಡೆಯುತ್ತಿದ್ದ ಯುದ್ಧದ ನಡುವೆ 1986ರಲ್ಲಿ ಜಾಫ್ನಾಕ್ಕೆ ಹೋಗಿ ಆ ಹೋರಾಟಗಾರರೊಂದಿಗೆ ಮಾತನಾಡಿದರು. 1988ರ ಫೆಬ್ರುವರಿ 16ರಂದು ಕೊಲಂಬೊದ ಅವರ ಮನೆಯ ಮುಂದೆ ಅವರನ್ನು ಗುಂಡಿಟ್ಟು ಕೊಂದರು.

ಸಂಜೆ ದೋಣಿಗಳು ಬಂದವು. ಮರಳ ಮೇಲೆ ಸುರಿದ ಮೀನಿನ ಸುತ್ತ ಸಿಂಹಳ, ತಮಿಳು ಎರಡರಲ್ಲೂ ಚೌಕಾಸಿ ನಡೆದಿತ್ತು.

ಆರನೆಯ ದಿನ: ಅನುರಾಧಪುರದ ಕಡೆಗೆ

ಪುತ್ತಳಂನಿಂದ ಅನುರಾಧಪುರದ ರಸ್ತೆ ವಿಲ್ಪತ್ತು ಕಾಡಿನ ಕಡೆ ಹಾಯುತ್ತದೆ. ವಸಂತ ಒಬೇಸೇಕರ ಅವರ ‘ದಡಯಮ’, ಅಂದರೆ ‘ಬೇಟೆ’, 1983ರ ಚಿತ್ರ. ಅದು ವಿಲ್ಪತ್ತು ಕೊಲೆ ಎಂದೇ ಹೆಸರಾದ ನಿಜ ಪ್ರಕರಣದಿಂದ ಹುಟ್ಟಿದ್ದು. ಮೋಸಹೋದ ಹೆಣ್ಣು ಕಾಡಿನಲ್ಲಿ ತನ್ನ ಮೇಲೆ ಹರಿಯಲು ಬರುವ ಕಾರಿಗೆ ಎದುರು ನಿಲ್ಲುತ್ತಾಳೆ. ಸ್ವರ್ಣಾ ಮಲ್ಲವಾರಚ್ಚಿ ಅವರ ಆ ಕೊನೆಯ ಹೋರಾಟವನ್ನು ಎರಡನೆಯ ಸಲ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ.

ಅಂದು ನವಂ ಪೋಯ, ಹುಣ್ಣಿಮೆ. ಬಸ್ಸಿನ ತುಂಬ ಬಿಳಿಬಟ್ಟೆ ಉಟ್ಟು ವಿಹಾರಕ್ಕೆ ಹೊರಟ ಜನ. ನೆಲ ಒಣಗಿತ್ತು. ಪ್ರತಿ ಹಳ್ಳಿಗೂ ಒಂದು ವೆವ, ಅಂದರೆ ಕೆರೆ. ಏರಿಯ ಮೇಲೆ ಹೊ‌ಂಗೆಯ ಬದಲು ಕುಂಬುಕ್ ಮರ, ಅದು ನಮ್ಮ ಹೊಳೆಮತ್ತಿ.

ಪ್ರಸನ್ನ ವಿತಾನಗೆ ಅವರ ‘ಪುರಹಂದ ಕಳುವರ’ ಇಂತಹ ಒಣನಾಡಿನ ಹಳ್ಳಿಯೊಂದರ ಕಥೆ. ಹೆಸರಿನ ಅರ್ಥ ಹುಣ್ಣಿಮೆಯ ಕತ್ತಲೆ. ಯುದ್ಧಕ್ಕೆ ಹೋದ ಮಗನ ಶವ ಮೊಹರು ಹಾಕಿದ ಪೆಟ್ಟಿಗೆಯಲ್ಲಿ ಬರುತ್ತದೆ. ಕುರುಡ ತಂದೆ ವನ್ನಿಹಾಮಿ ಮಗ ಸತ್ತನೆಂದು ಒಪ್ಪುವುದಿಲ್ಲ. ಪರಿಹಾರದ ಹಣದ ಕಾಗದಕ್ಕೆ ಸಹಿ ಹಾಕುವುದಿಲ್ಲ. ಅರ್ಧ ಕಟ್ಟಿದ ಮನೆ ಆ ಹಣಕ್ಕಾಗಿ ಕಾದಿದೆ. ಒಂದು ದಿನ ಮುದುಕ ಹಾರೆ ಹಿಡಿದು ಗುಂಡಿ ಅಗೆಯುತ್ತಾನೆ. ಪೆಟ್ಟಿಗೆಯಲ್ಲಿ ಇದ್ದದ್ದು ಬಾಳೆದಿಂಡು ಮತ್ತು ಕಲ್ಲು. ಜೋ ಅಬೇವಿಕ್ರಮ ಆ ತಂದೆ. ಜೀವನವಿಡೀ ಜನರನ್ನು ನಗಿಸಿದ ಆ ಮುಖದಲ್ಲಿ ಇಲ್ಲಿ ಒಂದು ಗೆರೆಯೂ ಹೆಚ್ಚಿಗೆ ಅಲುಗುವುದಿಲ್ಲ.

1997ರಲ್ಲಿ ತಯಾರಾದ ಚಿತ್ರದ ಬಿಡುಗಡೆಯನ್ನು 2000ದಲ್ಲಿ ಸರ್ಕಾರ ತಡೆಯಿತು. ಯುದ್ಧಕಾಲದಲ್ಲಿ ಸೈನಿಕರ ಧೈರ್ಯ ಕುಂದುತ್ತದೆ ಎಂಬುದು ಅದರ ವಾದ. ವಿತಾನಗೆ ಸುಪ್ರೀಂ ಕೋರ್ಟಿಗೆ ಹೋದರು. 2001ರಲ್ಲಿ ಗೆದ್ದರು, ಐದು ಲಕ್ಷ ರೂಪಾಯಿ ಪರಿಹಾರವನ್ನೂ ನ್ಯಾಯಾಲಯ ಕೊಡಿಸಿತು. ಚಿತ್ರಮಂದಿರಗಳಲ್ಲಿ ಜನ ಮುಗಿಬಿದ್ದು ನೋಡಿದರು. ಮಕ್ಕಳನ್ನು ಕಳುಹಿಸಿದ್ದವರೇ ಅವರು. ಮುಂದೆ ಅಶೋಕ ಹಂದಗಮ ಅವರ ‘ಅಕ್ಷರಯ’ಕ್ಕೂ ನಿಷೇಧ ಬಿತ್ತು. ಇದೇ ಸುಮಾರಿಗೆ, 2005ರಲ್ಲಿ, ಯುದ್ಧವೂ ಅಲ್ಲದ ಶಾಂತಿಯೂ ಅಲ್ಲದ ಬಯಲನ್ನು ತೋರಿಸಿದ ವಿಮುಕ್ತಿ ಜಯಸುಂದರ ಅವರಿಗೆ ಕಾನ್‌ನಲ್ಲಿ ಚೊಚ್ಚಲ ಚಿತ್ರದ ಕ್ಯಾಮೆರಾ ದ’ಓರ್ ಸಿಕ್ಕಿತು.

ಸಂಜೆ ಕೆರೆಯ ಹತ್ತಿರದ ಬಸ್ ತಂಗುದಾಣದಲ್ಲಿ ನಿಂತೆ. ಯುದ್ಧದಲ್ಲಿ ಮಡಿದವರ ನೆನಪಿಗೆ ಇಂತಹ ತಂಗುದಾಣಗಳನ್ನು ಅಲ್ಲಿ ಊರೂರಲ್ಲಿ ಕಟ್ಟಿದ್ದಾರೆ. ಗೋಡೆಯ ಮೇಲೆ ಒಂದು ಹೆಸರು, ಎರಡು ದಿನಾಂಕ. ಸಿಂಹಳದ ದುಂಡು ಅಕ್ಷರಗಳನ್ನು ನಮ್ಮ ಅಕ್ಷರಗಳ ಹೋಲಿಕೆ ಹಿಡಿದು ಒಂದೊಂದಾಗಿ ಕೂಡಿಸಿ ಓದುತ್ತಿದ್ದೆ. ವಿಹಾರದಿಂದ ಬಂದ ಬಿಳಿಸೀರೆಯ ಹೆಂಗಸೊಬ್ಬರು ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಾನು ತಡವರಿಸಿದ ಕಡೆ ಅವರೇ ಹೆಸರನ್ನು ಪೂರ್ತಿ ಮಾಡಿದರು. ಆಮೇಲೆ ‘ಮಗೇ ಮಲ್ಲಿ’ ಎಂದರು. ನನ್ನ ತಮ್ಮ.

ಕೆರೆಯ ಆಚೆ ಚಂದ್ರ ಏರುತ್ತಿದ್ದ. ಅವರು ಬೆಂಚಿನಲ್ಲಿ ಸರಿದು, ತಮ್ಮನ ಹೆಸರಿನ ಕೆಳಗೆ ನನಗೆ ಜಾಗ ಮಾಡಿಕೊಟ್ಟು, ಬಸ್ಸು ತಡ ಎಂದು ಕೈಸನ್ನೆ ಮಾಡಿದರು.